ಕೊಲೆಯ ಕಥೆ, ಓದುಗನ ಸುಖ

ಮುದುಕಿಯೊಬ್ಬಳು ವಿಷದಿಂದ ಸೆಟೆದು ಸಾಯುತ್ತಾಳೆ. ನಾವು ದಿಂಬಿಗೊರಗಿ, ಕಾಫಿ ಆರಿದ್ದೂ ತಿಳಿಯದೆ ಪುಟ ತಿರುವುತ್ತೇವೆ. ಈ ಸುಖ ನಿರ್ದೋಷವೇ?

ಅಗಾಥಾ ಕ್ರಿಸ್ಟಿಯ ಚೊಚ್ಚಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಮೊದಲು ಅಚ್ಚಾದದ್ದು 1920ರಲ್ಲಿ, ಅಮೆರಿಕದಲ್ಲಿ. ಆಕೆ ಅದನ್ನು ಬರೆದದ್ದು 1916ರಲ್ಲಿ, ಮಹಾಯುದ್ಧದ ನಡುವೆ. ಆಸ್ಪತ್ರೆಯ ಔಷಧಶಾಲೆಯ ಕೆಲಸ ಆಕೆಗೆ ವಿಷಗಳ ಪರಿಚಯ ಮಾಡಿಕೊಟ್ಟಿತ್ತು. ಷೆರ್ಲಾಕ್ ಹೋಮ್ಸನ ಮೇಲ್ಪಂಕ್ತಿ ಕಣ್ಣೆದುರಿಗಿತ್ತು: ಜಾಣ ಪತ್ತೇದಾರ, ಕಥೆ ಹೇಳುವ ಸರಳ ಮನಸ್ಸಿನ ಗೆಳೆಯ. ಇಲ್ಲಿ ಆ ಗೆಳೆಯ ರಣರಂಗದಿಂದ ಗಾಯಗೊಂಡು ಬಂದವನು. ಪತ್ತೇದಾರ ಪೊಯ್ರೋ ನೆಲೆ ಕಳೆದುಕೊಂಡ ಬೆಲ್ಜಿಯಂ ನಿರಾಶ್ರಿತ.

ಹೊರಗೆ ಲಕ್ಷಗಟ್ಟಲೆ ಜನ ಸಾಯುತ್ತಿದ್ದರು. ಒಬ್ಬೊಬ್ಬರನ್ನೂ ಕೊಂದವರಾರೆಂದು ಕೇಳುವವರಿರಲಿಲ್ಲ. ಪುಸ್ತಕದೊಳಗೆ ಒಂದು ಸಾವು. ಅದಕ್ಕೆ ಉತ್ತರ ಸಿಗುವವರೆಗೆ ಮನೆಯವರಿಗೂ ನೆಮ್ಮದಿಯಿಲ್ಲ, ಓದುಗನಿಗೂ ಇಲ್ಲ. ಒಂದು ಜೀವಕ್ಕೂ ಲೆಕ್ಕ ಒಪ್ಪಿಸಬೇಕೆಂಬ ಈ ಹಟವೇ ಇಂಥ ಕಥೆಗಳ ಧರ್ಮ. ನಾವು ಸುಖಪಡುವುದು ಸಾವನ್ನು ಕಂಡಲ್ಲ, ಸತ್ಯ ಹೊರಬಿದ್ದಿತೆಂದು.

ಆದರೂ ಒಂದು ಋಣ ಉಳಿಯುತ್ತದೆ. ಗಂಟು ಬಿಚ್ಚಿದೊಡನೆ ಕೊಲೆಯ ಹಂಚಿಕೆಯನ್ನು ಮೆಚ್ಚುತ್ತೇವೆ, ಪತ್ತೇದಾರನನ್ನು ಹೊಗಳುತ್ತೇವೆ. ಸತ್ತ ಎಮಿಲಿ ಇಂಗಲ್‌ಥಾರ್ಪಳನ್ನು ಮರೆಯುತ್ತೇವೆ. ಲೆಕ್ಕವೇನೋ ಚುಕ್ತಾ ಆಯಿತು, ಅಳುವವರು ಬರಲಿಲ್ಲ. ಆ ಕೆಲಸವನ್ನು ಕಾದಂಬರಿ ಮಾಡದಿದ್ದರೆ, ಪುಸ್ತಕ ಮುಚ್ಚುವ ಮುನ್ನ ಓದುಗನಾದರೂ ಒಂದು ಗಳಿಗೆ ಮಾಡಬೇಕು.