ಕೆಂಪು ಗೆರೆ

ಪುಟ್ಟ ಮಕ್ಕಳಿಗೆ ಗುರುತ್ವಾಕರ್ಷಣೆ ಎಂಬ ಪದ ಹೇಳಿಕೊಟ್ಟರೆ ಉರು ಹೊಡೆಯುತ್ತಾರೆ, ಅಷ್ಟೆ. ಅದಕ್ಕೇ 1994ರಲ್ಲಿ ಎರಡನೇ ತರಗತಿಗೆ ಪಾಠ ಹೇಳುತ್ತಿದ್ದಾಗ ನಾನು ಚಿತ್ರ ಬರೆಯುವ ಪೀರಿಯಡ್ಡನ್ನು ಹಿಡಿದುಕೊಂಡೆ. ಗುಡ್ಡದ ಮೇಲೆ ತೆಂಗಿನಮರ ಬರೆಯಿರಿ ಎಂದರೆ ಮರಗಳೆಲ್ಲ ಇಳಿಜಾರಿನಿಂದ ಪಕ್ಕಕ್ಕೆ ಚಾಚಿಕೊಳ್ಳುತ್ತಿದ್ದವು. ಓರೆ ಮಾಡಿದ ಬಾಟಲಿಯಲ್ಲಿ ನೀರೂ ಓರೆ. (ಇದು ನಮ್ಮೂರ ಮಕ್ಕಳ ದಡ್ಡತನವಲ್ಲ, ಸ್ವಿಟ್ಜರ್ಲೆಂಡಿನ ಪಿಯಾಜೆ ಅಲ್ಲಿನ ಮಕ್ಕಳಲ್ಲೂ ಇದನ್ನೇ ಕಂಡು ಬರೆದಿಟ್ಟಿದ್ದಾರೆ.) ದಾರಕ್ಕೆ ಬೀಗದಕೈ ಕಟ್ಟಿ ಇಳಿಬಿಟ್ಟು, "ಮರ ಈ ದಾರದ ಹಾಗೆ ನಿಲ್ಲತ್ತೆ" ಎಂದು ತೋರಿಸಿದರೆ ರಬ್ಬರು ಹಿಡಿದು ಅಳಿಸಿ ತಿದ್ದುತ್ತಿದ್ದರು. ನನಗೆ ಸ್ವಲ್ಪ ಜಂಬವೇ ಬಂದಿತ್ತು.

ಒಂದು ದಿನ, ಓಡುವ ಸೈಕಲ್ಲಿನಿಂದ ಕೈಜಾರಿದ ಹಣ್ಣು ಹೇಗೆ ಬೀಳುತ್ತದೆ, ಬರೆಯಿರಿ ಎಂದೆ. ಅಪ್ಪನ ಸೈಕಲ್ಲಿನ ಬಾರಿನ ಮೇಲೆ ಕೂತು ಶಾಲೆಗೆ ಬರುವ ಹುಡುಗನೊಬ್ಬ, ಹಣ್ಣು ಸೈಕಲ್ಲಿನ ಜೊತೆಜೊತೆಗೇ ಮುಂದೆ ಹೋಗುತ್ತಾ ಬಾಗಿ ನೆಲ ಮುಟ್ಟುವಂತೆ ಬರೆದಿದ್ದ. ನಾನು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ, ಕೈಬಿಟ್ಟ ಜಾಗದಿಂದ ನೇರ ಕೆಳಕ್ಕೆ ಗೆರೆ ಎಳೆದೆ. "ಕೈಬಿಟ್ಟ ಮೇಲೆ ಹಣ್ಣಿಗೇನು ಪೆಡಲ್ ಇದೆಯೇನೋ? ಸೈಕಲ್ ಮುಂದೆ ಹೋಗತ್ತೆ, ಹಣ್ಣು ಹಿಂದೆ ಉಳಿಯತ್ತೆ." ಮಕ್ಕಳೆಲ್ಲ ನಕ್ಕರು. ಅವನು ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ.

ಆ ಮುಖ ಮನೆಯವರೆಗೂ ನನ್ನ ಜೊತೆ ಬಂತು. ಸಂಜೆ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಗೆರೆ ಎಳೆದು, ನಿಂಬೆಹಣ್ಣು ಹಿಡಿದು ಬಿರಬಿರನೆ ನಡೆಯುತ್ತಾ ಗೆರೆಯ ನೇರಕ್ಕೆ ಬಂದಾಗ ಕೈಬಿಟ್ಟೆ. ಹಣ್ಣು ಗೆರೆಯಿಂದ ಎರಡಡಿ ಮುಂದೆ, ನನ್ನ ಪಕ್ಕದಲ್ಲೇ ಬಿತ್ತು. ಹತ್ತು ಸಲ ಬಿಟ್ಟೆ. ಹತ್ತು ಸಲವೂ ಹಾಗೇ. "ದೀಪ ಹಚ್ಚೋ ಹೊತ್ತಲ್ಲಿ ಗೆರೆ, ನಿಂಬೆಹಣ್ಣು! ಯಾರಿಗಮ್ಮ ಮಾಟ?" ಎಂದರು ಅತ್ತೆ. ಕೈಬಿಟ್ಟರೂ ಹಣ್ಣಿಗೆ ನನ್ನ ನಡಿಗೆಯ ವೇಗ ಉಳಿದೇ ಇರುತ್ತದೆ, ಭೂಮಿ ಕೆಳಕ್ಕೆ ಎಳೆಯುತ್ತದೆ, ಎರಡೂ ಸೇರಿ ದಾರಿ ಬಾಗುತ್ತದೆ. ಸಾಗುವ ಹಡಗಿನ ಪಟದ ಕಂಬದ ತುದಿಯಿಂದ ಬಿಟ್ಟ ಕಲ್ಲು ಕಂಬದ ಬುಡಕ್ಕೇ ಬೀಳುತ್ತದೆಂದು ಗೆಲಿಲಿಯೋ 1632ರಲ್ಲೇ ಬರೆದಿದ್ದ. ಪಿಯುಸಿಯಲ್ಲಿ ವಿಜ್ಞಾನ ಓದಿದ ನಾನು ಪರೀಕ್ಷೆಯಲ್ಲಿ ಇದನ್ನು ಬರೆದು ಪಾಸೂ ಆಗಿದ್ದೆ!

ಒಪ್ಪಿಕೊಳ್ಳುವುದು ಹೇಗೆ? "ಟೀಚರೇ ತಪ್ಪು ಅಂದ್ರೆ ಮಕ್ಕಳು ತಲೆ ಮೇಲೆ ಕೂರ್ತವೆ ಕಣ್ರೀ" ಎಂದರು ಜೊತೆಯ ಟೀಚರು. ನನಗೂ ಆ ಮಾತು ಹಿತವೆನಿಸಿತು. ಮನೆಯಲ್ಲೂ ನಾವು ಮಾಡುವುದು ಅದನ್ನೇ ಅಲ್ಲವೇ? ಮಗುವಿನ ಮೇಲೆ ಸುಮ್ಮನೆ ರೇಗಿ, ತಪ್ಪು ನಮ್ಮದೆಂದು ತಿಳಿದಾಗ ಒಂದು ಚಕ್ಕುಲಿ ಕೈಗಿಟ್ಟು ಮುಗಿಸುತ್ತೇವೆ. ನಾನೂ ಆ ವಾರ ಅವನ ಕಾಪಿಪುಸ್ತಕದ ತುಂಬ ಕಾರಣವಿಲ್ಲದೆ 'ಗುಡ್' ಬರೆದೆ.

ಮುಂದಿನ ವಾರ, ಓಡುವ ಬಸ್ಸಿನ ಕಿಟಕಿಯಿಂದ ಬೀಳುವ ಚೆಂಡು. ಅವನು ಸ್ಕೇಲು ಇಟ್ಟು ನೇರ ಗೆರೆ ಎಳೆದಿದ್ದ.

"ಹೀಗೆ ಬೀಳೋದನ್ನ ನೋಡಿದ್ದೀಯಾ?"

"ಇಲ್ಲ ಮಿಸ್. ನೀವೇ ಹೇಳಿದ್ರಲ್ಲ."

ಅವನು ಹಟ ಹಿಡಿದು ತನ್ನ ಬಾಗಿದ ಗೆರೆಯನ್ನೇ ಬರೆದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆದರೆ ಅವನು ತನ್ನ ಕಣ್ಣನ್ನು ಬಿಟ್ಟು ನನ್ನನ್ನು ನಂಬಿದ್ದ.

ಅಂದೇ ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದೆ. "ಅವನು ಬರೆದದ್ದು ಸರಿ, ನಾನು ಹೇಳಿದ್ದು ತಪ್ಪು" ಎಂದೆ. ಗಂಟಲು ಒಣಗಿತ್ತು. ಯಾರೂ ತಲೆ ಮೇಲೆ ಕೂರಲಿಲ್ಲ. ಎಲ್ಲರಿಗೂ ನಿಂಬೆಹಣ್ಣಿನದೇ ಆತುರ. ಅವನು ಮಾತ್ರ ಹಳೆಯ ಪುಟ ತೆರೆದು ಬೆರಳಿನಿಂದ ಉಜ್ಜಿ ನೋಡಿ, "ಇದು ರಬ್ಬರಿಗೆ ಹೋಗಲ್ಲ ಮಿಸ್" ಎಂದ. ಅಷ್ಟರಲ್ಲಿ ಅವನ ಸರದಿ ಬಂತು, ಓಡಿದ.