ಬೆಳಿಗ್ಗೆ ಐದರ ನೀರು

ಬಿಎಸ್ಸಿಯಲ್ಲಿ ನಮಗೊಬ್ಬರು ಬಯೋಕೆಮಿಸ್ಟ್ರಿ ಮೇಷ್ಟ್ರಿದ್ದರು. ವರ್ಷಗಟ್ಟಲೆ ಲ್ಯಾಬಿನಲ್ಲಿ ಎಂಜೈಮುಗಳ ಬೆನ್ನು ಹತ್ತಿ, ಆಮೇಲೆ ಕೆರೆ ದಂಡೆಗೆ ಬಂದವರು. ಯಾಕೆ ಸಾರ್ ಅಂದ್ರೆ, "ಮೊದ್ಲು ಜೀವಕೋಶ ಉಸಿರಾಡೋದನ್ನ ನೋಡ್ತಿದ್ದೆ. ಕೆರೆನೂ ಉಸಿರಾಡುತ್ತೆ ಕಣಯ್ಯ" ಅನ್ನೋರು.

ಅವರ ಜೊತೆ ಸ್ಯಾಂಪಲ್ ತರೋದಂದ್ರೆ ಶಿಕ್ಷೆ. ಬೆಳಿಗ್ಗೆ ಐದಕ್ಕೇ ಕೆರೆ ಹತ್ತಿರ ಇರಬೇಕು. "ಮಧ್ಯಾಹ್ನ ಹೋದ್ರೆ ಆಗಲ್ವಾ ಸಾರ್? ನೀರು ಅದೇ ತಾನೆ?" ಅಂತ ಒಮ್ಮೆ ಗೊಣಗಿದೆ. ಅವತ್ತು ಎರಡೂ ಹೊತ್ತಿನ ನೀರು ತರಿಸಿದರು.

ನೀರಲ್ಲಿ ಕರಗಿರುವ ಆಮ್ಲಜನಕ ಅಳೆಯೋಕೆ 1888ರ ವಿಂಕ್ಲರ್ ವಿಧಾನ ಇದೆ. ಮ್ಯಾಂಗನೀಸ್ ಸಲ್ಫೇಟ್, ಕ್ಷಾರ ಬೆರೆಸಿದ ಅಯೊಡೈಡ್ ಹಾಕಿದರೆ, ಆಮ್ಲಜನಕ ಇದ್ದಷ್ಟೂ ಕಂದು ಗಸಿ ಕೂರುತ್ತದೆ. ಮಧ್ಯಾಹ್ನದ ಬಾಟಲಿ ಗಾಢ ಕಂದು. ಐದರ ಬಾಟಲಿ ಹೆಚ್ಚುಕಮ್ಮಿ ಬಿಳಿ. ಅದೇ ಕೆರೆ, ಅದೇ ದಿನ.

ಕೊಳಚೆ ಸೇರಿ ಹಸಿರುಗಟ್ಟಿದ ಕೆರೆಯಲ್ಲಿ ಪಾಚಿ ಹಗಲೆಲ್ಲ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಬ್ಯಾಕ್ಟೀರಿಯಾ ಜೊತೆ ಸೇರಿ ಅದನ್ನು ಬಳಸಿಬಿಡುತ್ತದೆ. ಮೀನುಗಾರಿಕೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಮಧ್ಯಾಹ್ನ ಆ ಕೆರೆ ಸಲೀಸಾಗಿ ಪಾಸು.

ಮೇಷ್ಟ್ರು ಹೇಳಿದ್ದಿಷ್ಟೇ: "ಮಧ್ಯಾಹ್ನದ ಅಂಕಿ ಸುಳ್ಳಲ್ಲ. ಆದ್ರೆ ಮೀನು ರಾತ್ರಿನೂ ಅಲ್ಲೇ ಇರಬೇಕಲ್ಲಯ್ಯ?"

2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ ಫೋಟೊ ನೋಡಿದಾಗ ಈ ಮಾತು ನೆನಪಾಗಿತ್ತು. ಮತ್ತೆ ನೆನಪಾಗಿದ್ದು ಹೋದ ವಾರ, ನನ್ನದೇ ಸ್ಲೈಡ್ ಮುಂದೆ. ಕ್ಲೈಂಟಿಗೆ ನಮ್ಮ ಆ್ಯಪಿನ ಸರಾಸರಿ ವೇಗ ತೋರಿಸಿದ್ದೆ. ಸಂಜೆ ಏಳರಿಂದ ಒಂಬತ್ತು ಅದು ಮುಗ್ಗರಿಸುತ್ತೆ ಅಂತ ಗೊತ್ತಿತ್ತು. ಸರಾಸರಿ ಸುಳ್ಳಲ್ಲವಲ್ಲ!

ನಿಜವಾದ ಅಂಕಿ ಕೊಟ್ಟೂ ಮೋಸ ಮಾಡಬಹುದಾ? ಇಪ್ಪತ್ನಾಲ್ಕು ಗಂಟೆ ಎಲ್ಲವನ್ನೂ ಅಳೆಯೋಕೆ ಯಾರಿಗೂ ಆಗಲ್ಲ, ಒಂದು ಹೊತ್ತು ಆರಿಸಿಕೊಳ್ಳಲೇಬೇಕು, ನಿಜ. ಆದರೆ ಯಾರ ಹೊತ್ತು? ಅಳೆಯುವವನಿಗೆ ಅನುಕೂಲವಾದದ್ದೋ, ಅಲ್ಲಿ ಬದುಕುವವರಿಗೆ ಉಸಿರು ಕಟ್ಟುವುದೋ? ಪ್ರಾಮಾಣಿಕತೆ ಅನ್ನೋದು ಅಂಕಿ ಬರೆಯೋದಕ್ಕೂ ಮುಂಚೆ, ಅಲಾರಂ ಇಡುವಾಗಲೇ ಶುರುವಾಗುತ್ತೆ ಅನ್ನಿಸುತ್ತೆ.

ಸೋಮವಾರ ಇನ್ನೊಂದು ಸ್ಲೈಡ್ ಕಳಿಸಿದೆ. ಸಂಜೆ ಏಳರಿಂದ ಒಂಬತ್ತರದ್ದು. ಮ್ಯಾನೇಜರ್ ಇನ್ನೂ ಸರಿಯಾಗಿ ಮಾತಾಡ್ತಿಲ್ಲ.