ಪರಲೋಕದ ಪೌರರಿಗೆ ವಾರ್ಡ್ ಚುನಾವಣೆ ಯಾಕೆ?

ಎಲ್ಲರೂ ಕೂತುಕೊಳ್ಳಿ. ಹಿಂದೆ ನಿಂತವರು ಮುಂದೆ ಬರ್ರಿ, ಇಲ್ಲಿ ಜಾಗ ಅದ.

ಮುಂಜಾನೆ ಹುಮನಾಬಾದಿನಲ್ಲಿ ಹೇಳಿದ್ದನ್ನೇ ಈಗ ಸಂಜೆ ಬಸವಕಲ್ಯಾಣದಲ್ಲೂ ಹೇಳುತ್ತಿದ್ದೇನೆ. ಯಾಕಂದ್ರೆ ಎರಡೂ ಕಡೆ ಈ ವಾರ ನನ್ನ ಮುಂದೆ ಕೂತವರು ಒಂದೇ ಥರದವರು. ಕ್ರಿಸ್ಮಸ್ ರಜೆಗೆ ಬೆಂಗಳೂರಿನಿಂದ, ಹೈದರಾಬಾದಿನಿಂದ, ಪುಣೆಯಿಂದ ಬಂದ ಯೌವನಸ್ಥರು. ರಾತ್ರಿ ಬಸ್ಸಿಗೆ ಕೂತು, ಸಸ್ತಾಪುರ ಬಂಗ್ಲಾದಲ್ಲಿ ನಸುಕಿಗೆ ಬ್ಯಾಗ್ ಹಿಡಿದು ಇಳಿದವರು. ನಿಮ್ಮಲ್ಲಿ ಒಬ್ಬ ತಮ್ಮ ನನಗೆ ಒಂದು ಪ್ರಶ್ನೆ ಕಳಿಸಿದ್ದಾನೆ. ಅವನ ಹೆಸರು ಹೇಳೋದಿಲ್ಲ, ಪ್ರಶ್ನೆ ಮಾತ್ರ ಓದುತ್ತೇನೆ: “ಪಾಸ್ಟರ್, ಬೆಂಗಳೂರಾಗ ಕಾರ್ಪೊರೇಷನ್ ಎಲೆಕ್ಷನ್ ಬರ್ತದಂತ. ನನ್ನ ವೋಟು ಹುಮನಾಬಾದ್‌ನಾಗ ಅದ. ಇನ್ನೆರಡು ವರ್ಷಕ್ಕ ನಾ ಎಲ್ಲಿರ್ತೀನೋ ಗೊತ್ತಿಲ್ಲ. ಮ್ಯಾಲ ನಮ್ಮ ಊರು ಪರಲೋಕ ಅಂತ ನೀವೇ ಹೇಳ್ತೀರಿ. ಹಂಗಿದ್ರ ಅಲ್ಲಿ ಗಟಾರದ ಚಿಂತಿ ನಾ ಯಾಕ ಮಾಡ್ಲಿ?”

ಒಳ್ಳೆ ಪ್ರಶ್ನೆ. ಇದನ್ನು ಸೋಮಾರಿತನ ಅಂತ ತಳ್ಳಿಹಾಕಲಿಕ್ಕೆ ಬರೋದಿಲ್ಲ. ಇದರೊಳಗೆ ವಾಕ್ಯ ಇದೆ, ಊರಿನ ಪ್ರೀತಿ ಇದೆ, ಬಾಡಿಗೆ ಮನೆಯ ಬದುಕು ಇದೆ.

ಮೊದಲು ವಾಕ್ಯಕ್ಕೆ ಬರೋಣ. ನಾವು ಪರಲೋಕಕ್ಕೆ ಸೇರಿದವರು ಅನ್ನುವ ಮಾತನ್ನು ಪೌಲ ಬರೆದದ್ದು ಯಾರಿಗೆ? ಫಿಲಿಪ್ಪಿಯವರಿಗೆ, ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ. ಅದೇ ಫಿಲಿಪ್ಪಿ ಪಟ್ಟಣದಲ್ಲಿ ಅದೇ ಪೌಲ ಏನು ಮಾಡಿದ್ದ? ಅಪೊಸ್ತಲರ ಕೃತ್ಯಗಳು ಹದಿನಾರು ತೆಗೆಯಿರಿ. ಕಥೆ ನಿಮಗೆಲ್ಲ ಗೊತ್ತು. ದೆವ್ವ ಹಿಡಿದ ಒಬ್ಬ ದಾಸಿ ಹುಡುಗಿ ಬಿಡುಗಡೆ ಆದಳು, ಅವಳ ಯಜಮಾನರ ದುಡಿಮೆ ನಿಂತಿತು. ಅವರು ಪೌಲ ಸೀಲರನ್ನು ಚೌಕಕ್ಕೆ ಎಳೆದುಕೊಂಡು ಹೋದರು. ಪಟ್ಟಣದ ಅಧಿಕಾರಿಗಳು ವಿಚಾರಣೆ ಇಲ್ಲ, ಕಾಗದ ಇಲ್ಲ, ಬಟ್ಟೆ ಹರಿಸಿ ಹೊಡೆಸಿ ಸೆರೆಮನೆಗೆ ಹಾಕಿಸಿದರು. ಆಮೇಲೆ ಅರ್ಧರಾತ್ರಿ ಹಾಡು, ಭೂಕಂಪ, ಸೆರೆಮನೆಯ ಯಜಮಾನನ ಮನೆಯವರೆಲ್ಲರ ದೀಕ್ಷಾಸ್ನಾನ. ಹಲ್ಲೆಲೂಯಾ!

ನಾವು ಯಾವಾಗಲೂ ಇಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಹಾಡಲಿಕ್ಕೆ ಚಂದ ಇರೋದು ರಾತ್ರಿಯ ಭಾಗ, ಅದಕ್ಕೇ ಇರಬೇಕು. ಆದರೆ ಬೆಳಗಾಯಿತು. ಅಧಿಕಾರಿಗಳು ಜವಾನರ ಕೈಲಿ ಹೇಳಿ ಕಳಿಸಿದರು, ಅವರನ್ನು ಬಿಟ್ಟುಬಿಡಿ ಅಂತ. ಬಾಗಿಲು ತೆರೆದಿದೆ, ಹೋಗಬಹುದು. ನೀವಾಗಿದ್ದರೆ ಏನು ಮಾಡುತ್ತಿದ್ರಿ? “ಸ್ತೋತ್ರ ಕರ್ತನೇ” ಅಂತ ಹೇಳಿ ಹಿಂದಿನ ಗಲ್ಲಿಯಿಂದ ಓಡುತ್ತಿದ್ರಿ. ಪೌಲ ಓಡಲಿಲ್ಲ. ನಾವು ರೋಮಿನ ಪ್ರಜೆಗಳು, ನಮ್ಮನ್ನು ಎಲ್ಲರ ಎದುರಿಗೆ ಹೊಡೆಸಿ ಈಗ ಗುಟ್ಟಾಗಿ ಕಳಿಸೋದು ನಡೆಯೋದಿಲ್ಲ, ಅವರೇ ಇಲ್ಲಿಗೆ ಬರಲಿ ಅಂದ. ಅವರು ಬಂದರು! ಹೆದರಿ ಬಂದು ಸಮಾಧಾನದ ಮಾತು ಆಡಿದರು.

ಅಲ್ಲಿ ಬಂದವರು ರೋಮಿನ ಚಕ್ರವರ್ತಿ ಅಲ್ಲ, ನೆನಪಿರಲಿ. ಫಿಲಿಪ್ಪಿ ರೋಮಿನ ವಸಾಹತು ಪಟ್ಟಣ. ಅಂಥ ಪಟ್ಟಣಗಳಿಗೆ ವರ್ಷಕ್ಕೊಮ್ಮೆ ಇಬ್ಬರು ಮುಖ್ಯಾಧಿಕಾರಿಗಳನ್ನು ಆರಿಸುವ ಪದ್ಧತಿ ಇತ್ತು. ಇಟಲಿಯಲ್ಲಿ ಪೊಂಪೇಯಿ ಅಂತ ಒಂದು ಊರು, ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋಯಿತು. ಅದನ್ನು ಅಗೆದಾಗ ಗೋಡೆ ಗೋಡೆಯ ಮೇಲೆ ಚುನಾವಣೆಯ ಬರಹ ಸಿಕ್ಕಿವೆ, ಸಾವಿರಾರು. ಇಂಥವನನ್ನು ಆರಿಸಿ, ರೊಟ್ಟಿ ಸುಡುವವರು ಇವನ ಕಡೆ, ಓಣಿಯವರು ಅವನ ಕಡೆ ಅಂತ. ನಮ್ಮ ಗಾಂಧಿ ಚೌಕದ ಗೋಡೆ ನೋಡಿದಂಗೇ! ಪೌಲ ಎದುರಿಗೆ ಕರೆಸಿಕೊಂಡದ್ದು ಇಂಥವರನ್ನು, ಒಂದು ಊರಿನ ಸ್ಥಳೀಯ ಆಡಳಿತದವರನ್ನು.

ಈಗ ನನ್ನನ್ನು ಬಹಳ ದಿನ ಕಾಡಿದ ವಿಷಯ. ಪೌಲ ಅವತ್ತೇ ಊರು ಬಿಟ್ಟು ಹೊರಡುವವನಿದ್ದ. ಎರಡು ವರ್ಷ ಅಲ್ಲ, ಅವತ್ತೇ. ಆ ಪಟ್ಟಣದಲ್ಲಿ ಅವನಿಗೆ ಮನೆ ಇಲ್ಲ, ನಳ ಇಲ್ಲ, ಕಂದಾಯ ಇಲ್ಲ. ಬೆನ್ನಿನ ಗಾಯಕ್ಕೆ ಆ ಮಾಫಿಯಿಂದ ಏನೂ ಔಷಧಿ ಆಗಲಿಲ್ಲ. ಹಾಗಾದರೆ ಯಾರಿಗೋಸ್ಕರ ಹಟ ಹಿಡಿದ? ಮುಂದಿನ ವಚನದಲ್ಲಿ ಅವನು ಎಲ್ಲಿಗೆ ಹೋದ ನೋಡ್ರಿ. ಲುದ್ಯಳ ಮನೆಗೆ, ಸಹೋದರರನ್ನು ಧೈರ್ಯಪಡಿಸಲಿಕ್ಕೆ. ಲುದ್ಯ ಆ ಊರಲ್ಲಿ ಉಳಿಯುವವಳು. ಸೆರೆಮನೆಯ ಯಜಮಾನ ಅಲ್ಲೇ ಉಳಿಯುವವನು. ನಾಳೆ ಯಾರಾದರೂ ಇವರ ಬಾಗಿಲಿಗೆ ಬಂದು, ನಿಮ್ಮ ಗುರು ಅಪರಾಧಿ, ರಾತ್ರೋರಾತ್ರಿ ಓಡಿಹೋದ ಅಂದರೆ? ಹೋಗುವವನು ಉಳಿಯುವವರಿಗಾಗಿ ಅಧಿಕಾರವನ್ನು ಉತ್ತರ ಕೊಡಿಸಿದ. ವಾಕ್ಯದಲ್ಲಿ ಕಾರಣ ಬಿಡಿಸಿ ಬರೆದಿಲ್ಲ, ಆದರೆ ನಾನು ಅದನ್ನು ಓದೋದು ಹೀಗೆ.

ಈ ಮನುಷ್ಯನೇ ಮುಂದೆ ಫಿಲಿಪ್ಪಿಯವರಿಗೆ ಪರಲೋಕದ ಮಾತು ಬರೆದ. ಓದಿದವರಲ್ಲಿ ಆ ಬೆಳಗನ್ನು ಕಣ್ಣಾರೆ ಕಂಡವರೂ ಇದ್ದಿರಬೇಕು. ಅವರಿಗೆ ಆ ಮಾತು “ಊರಿನ ಉಸಾಬರಿ ನಮಗೆ ಬ್ಯಾಡ” ಅಂತ ಕೇಳಿಸಿರಲಿಕ್ಕೆ ಸಾಧ್ಯವೇ ಇಲ್ಲ.

ತಮ್ಮಾ, ಈಗ ನಿನ್ನ ಬೆಂಗಳೂರಿಗೆ ಬರೋಣ. ಅಲ್ಲಿ ಪಾಲಿಕೆಗೆ ಮತದಾನ ಆದದ್ದು 2015ರ ಆಗಸ್ಟ್ 22ಕ್ಕೆ, 198 ವಾರ್ಡ್‌ಗಳಿಗೆ. ಆಗಲೂ ಹೆಚ್ಚುಕಮ್ಮಿ ಅರ್ಧದಷ್ಟು ಮತದಾರರು ಮಾತ್ರ ಬೂತಿಗೆ ಹೋದರು. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮುಂಚೆ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ. 74ನೇ ತಿದ್ದುಪಡಿ, 1993ರ ಜೂನ್ 1ರಿಂದ ಜಾರಿಯಲ್ಲಿದೆ. 2020ರ ಡಿಸೆಂಬರಿನಲ್ಲಿ ಹೈಕೋರ್ಟ್ ಚುನಾವಣೆ ನಡೆಸಿ ಅಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ವಾರ್ಡ್ 198 ಇದ್ದದ್ದು 243 ಆಯಿತು, ಆಮೇಲೆ 225 ಆಯಿತು. 2025ರ ಸೆಪ್ಟೆಂಬರ್ 2ಕ್ಕೆ ಒಂದೇ ಪಾಲಿಕೆ ಹೋಗಿ ಐದು ಪಾಲಿಕೆ ಬಂದವು, ಒಟ್ಟು 369 ವಾರ್ಡ್. ಗಡಿ ಬದಲಾಗುತ್ತಾ ಹೋಯಿತು, ಕಾರ್ಪೊರೇಟರ್ ಮಾತ್ರ ಬರಲಿಲ್ಲ. ಪುಣೆ, ಮುಂಬೈದಲ್ಲಿ ಇರುವವರೇ, ನಿಮ್ಮದೂ ಅದೇ ಕಥೆ. 2017ರಲ್ಲಿ ಆರಿಸಿ ಬಂದವರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದು, ಅಲ್ಲಿಂದ ಆಡಳಿತಾಧಿಕಾರಿಗಳ ಕೈಲಿತ್ತು. ನಿಮಗೆ ಮತದಾನ ಆದದ್ದು 2026ರ ಜನವರಿ 15ಕ್ಕೆ.

ಐದು ವರ್ಷ ಕಾರ್ಪೊರೇಟರ್ ಇಲ್ಲದೆ ಬೆಂಗಳೂರು ನಿಂತುಹೋಯಿತೇನು? ಇಲ್ಲ. ಕಸದ ಗಾಡಿ ಬಂತು, ರಸ್ತೆಗೆ ಕಾಂಕ್ರೀಟೂ ಬಿತ್ತು. “ಅವರಿಲ್ಲದ್ದೇ ಚಲೋ ಆಯ್ತು ಪಾಸ್ಟರ್, ಕಮಿಷನ್ ಉಳೀತು” ಅಂತ ನಿಮ್ಮಲ್ಲೇ ಕೆಲವರು ಅಂದದ್ದುಂಟು. ನಗು ಬಂತು ನನಗೆ. ಆದರೆ ಯೋಚನೆ ಮಾಡ್ರಿ. ಲೂಕ ಹದಿನೆಂಟರಲ್ಲಿ ಒಬ್ಬ ವಿಧವೆ ಇದ್ದಾಳೆ. ನ್ಯಾಯಾಧಿಪತಿ ಕೆಟ್ಟವನು, ದೇವರಿಗೂ ಹೆದರದವನು, ಮನುಷ್ಯರಿಗೂ ಲಕ್ಷ್ಯ ಕೊಡದವನು. ಆದರೂ ಆ ತಾಯಿಗೆ ಒಂದು ಬಾಗಿಲು ಇತ್ತು. ಅವನ ಮನೆ ಎಲ್ಲಿ ಅಂತ ಅವಳಿಗೆ ಗೊತ್ತಿತ್ತು, ದಿನಾ ಹೋಗಿ ತಟ್ಟಿದಳು, ಅವನಿಗೇ ಸಾಕುಸಾಕಾಯಿತು. ಬಾಗಿಲೇ ಇಲ್ಲದಿದ್ದರೆ ಅವಳು ಎಲ್ಲಿಗೆ ಹೋಗಬೇಕಿತ್ತು? ಆ್ಯಪಿನಲ್ಲಿ ದೂರು ಹಾಕಬೇಕಿತ್ತಾ? ನಿಮಗೆ ಇಂಗ್ಲಿಷ್ ಬರುತ್ತದೆ, ಟ್ವೀಟ್ ಮಾಡಲಿಕ್ಕೆ ಬರುತ್ತದೆ. ನಿಮ್ಮ ಪಿಜಿಯಲ್ಲಿ ಪಾತ್ರೆ ತಿಕ್ಕುವ ಅಕ್ಕನಿಗೆ ಬಾಗಿಲು ಬೇಕು.

ನಮ್ಮ ಕಡೆ ಆ ಬಾಗಿಲು ಇದ್ದಾಗ ಹೆಂಗಿರ್ತದ ಅಂತ ನಿಮಗೆ ಗೊತ್ತು. ಬಸವಕಲ್ಯಾಣದ್ದು ನಗರಸಭೆ, ಹುಮನಾಬಾದಿನದ್ದು ಪುರಸಭೆ. ಮೆಂಬರ್ ಅಂದ್ರೆ ಯಾರ ಮಗ, ಯಾವ ಓಣಿ, ಎಲ್ಲ ಗೊತ್ತು. ನಳಕ್ಕೆ ನೀರು ಬರದಿದ್ದರೆ ನಿಮ್ಮ ಅವ್ವ ಅವನನ್ನು ಮದುವಿ ಮನೆಯಲ್ಲೇ ಹಿಡಿದು ಕೇಳುತ್ತಾಳೆ, ಪಂಕ್ತಿಯಲ್ಲಿ ಕೂತವ ಎಲ್ಲಿ ಓಡ್ತಾನ! ಇನ್ನೊಂದು ಮಾತು. ಇದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಅನುಭವ ಮಂಟಪದ ಹೆಸರು ಬರುತ್ತದೆ. ನಮ್ಮ ನಂಬಿಕೆ ಬೇರೆ, ಅದನ್ನು ಮುಚ್ಚಿಡುವುದಿಲ್ಲ. ಅದನ್ನು ಪಾರ್ಲಿಮೆಂಟ್ ಅಂತ ಕರೆಯೋದೂ ನನಗೆ ಅಷ್ಟು ಸರಿ ಅನ್ನಿಸೋದಿಲ್ಲ, ಅಲ್ಲಿ ವೋಟು ಇರಲಿಲ್ಲ. ಆದರೆ ಚಪ್ಪಲಿ ಹೊಲಿಯುವವರು, ದೋಣಿ ನಡೆಸುವವರು ಕೂತು ಪ್ರಶ್ನೆ ಕೇಳಿದರು, ಎದುರಿಗೆ ಕೂತವರು ಉತ್ತರ ಕೊಟ್ಟರು ಅನ್ನೋ ನೆನಪು ಈ ಮಣ್ಣಿನಲ್ಲಿ ಇದೆ. ಆ ನೆನಪಿನ ಊರಿನಿಂದ ಹೋದವರು ನೀವು. ನಿಮ್ಮ ಬೆಂಗಳೂರಿನ ವಾರ್ಡ್ ಯಾವುದು ಅಂತ ಕೇಳಿದರೆ ಮುಂಜಾನೆ ಹುಮನಾಬಾದಿನಲ್ಲಿ ಒಂದು ಕೈಯೂ ಮೇಲೆ ಏಳಲಿಲ್ಲ.

ಆರಿಸಿದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಕಲಬುರಗಿ ನೋಡ್ರಿ. 2021ರ ಸೆಪ್ಟೆಂಬರ್ 3ಕ್ಕೆ 55 ವಾರ್ಡಿಗೆ ಮತದಾನ ಆಯಿತು. ಯಾರಿಗೂ ಬಹುಮತ ಬರಲಿಲ್ಲ. ಮೇಯರನ್ನು ಆರಿಸೋದು ನೇರವಾಗಿ ನಾವಲ್ಲ, ಕಾರ್ಪೊರೇಟರುಗಳ ಜೊತೆ ಶಾಸಕರು, ಸಂಸದರು, ಪರಿಷತ್ ಸದಸ್ಯರೂ ಕೈ ಎತ್ತುತ್ತಾರೆ. ಹೊರಗಿನ ಪರಿಷತ್ ಸದಸ್ಯರ ಹೆಸರು ಕಲಬುರಗಿಯ ಮತದಾರರ ಪಟ್ಟಿಗೆ ಸೇರಿದ್ದು ಕೋರ್ಟಿನ ತನಕ ಹೋಯಿತು. ಮೇಯರ್ ಕುರ್ಚಿ ತುಂಬಿದ್ದು 2023ರ ಮಾರ್ಚ್‌ನಲ್ಲಿ, ಒಂದೂವರೆ ವರ್ಷ ಆದ ಮೇಲೆ. ಜನ ತಮ್ಮ ಕೆಲಸ ಮಾಡಿದ್ದರು, ಆದರೂ ಬಾಗಿಲು ಅರ್ಧ ಮುಚ್ಚಿಯೇ ಇತ್ತು.

ಅಲ್ಲಿ ಜಗಳ ಯಾವುದರ ಮೇಲೆ ನೋಡಿದ್ರಾ? ಯಾರು ನಿಜವಾಗಿ ಎಲ್ಲಿ ವಾಸ ಇದ್ದಾರೆ ಅನ್ನೋದರ ಮೇಲೆ. ದೊಡ್ಡವರನ್ನು ನೋಡಿ ನಾವು ನಗುತ್ತೇವೆ. ಅದೇ ಪ್ರಶ್ನೆ ಈಗ ನಿಮಗೆ.

ನಿನ್ನ ವೋಟು ಹುಮನಾಬಾದಿನಲ್ಲಿ ಇದೆ. ಅದರಲ್ಲಿ ಪ್ರೀತಿ ಇದೆ, ನನಗೆ ಗೊತ್ತು. ಪಟ್ಟಿಯಲ್ಲಿ ಅಪ್ಪ, ಅವ್ವ, ಅಣ್ಣ, ಅದರ ಕೆಳಗೆ ನಿನ್ನ ಹೆಸರು. ಅದನ್ನು ತೆಗೆಸೋದು ಅಂದ್ರೆ ಮನೆಯಿಂದ ಹೆಸರು ಅಳಿಸಿದಂಗೆ ಅನ್ನಿಸ್ತದ. ಓದಿದ ಹುಡುಗರೆಲ್ಲ ಹೆಸರು ತೆಗೆಸಿದರೆ ಇಲ್ಲಿ ತಿಳಿದು ಮತ ಹಾಕುವವರು ಯಾರು ಅಂತ ಅಪ್ಪಂದಿರು ಕೇಳುತ್ತಾರೆ. ಆ ಮಾತಿನಲ್ಲಿ ಸತ್ಯ ಇಲ್ಲ ಅನ್ನಲಿಕ್ಕೆ ನನಗೆ ಬಾಯಿ ಬರೋದಿಲ್ಲ. ಆದರೆ ನೀನು ವರ್ಷಕ್ಕೆ ಎಂಟು ದಿನ ಇಲ್ಲಿ ಇರ್ತೀ. ಇಲ್ಲಿ ಆರಿಸಿದ ಮೆಂಬರ್ ಕೆಟ್ಟವನಾದರೆ ಆ ಗಟಾರದ ವಾಸನೆ ಐದು ವರ್ಷ ಕುಡಿಯೋದು ನೀನಲ್ಲ, ನಿನ್ನ ಪಕ್ಕದ ಮನೆಯ ಅಜ್ಜಿ. ಕೆಲವು ಕಡೆ ಎಲೆಕ್ಷನ್ ಹಿಂದಿನ ದಿನ ದೂರದ ಊರಿಗೆ ಗಾಡಿ ಹೋಗುತ್ತದೆ, ಬಸ್ ಚಾರ್ಜು, ಊಟ, ಕೈಗೆ ಒಂದಿಷ್ಟು. ಹಬ್ಬ ಮಾಡಿಕೊಂಡು ಹೋದಂಗೆ ವೋಟು ಹಾಕಿ ರಾತ್ರಿ ಬಸ್ಸಿಗೆ ವಾಪಸು. ಊರಿನ ಪ್ರೀತಿ ಅಂತ ಶುರುವಾದದ್ದು ಹೀಗೆ ಮುಗಿಯಬಹುದು. ಆ ದುಡ್ಡಿನ ಬಗ್ಗೆ ನಾನು ಬಹಳ ಹೇಳೋದಿಲ್ಲ. ತೆಗೆದುಕೊಂಡವನು ಕೇಳುವ ಬಾಯಿ ಮಾರಿದ, ಅಷ್ಟೇ.

ಕಾನೂನು ಈ ವಿಷಯದಲ್ಲಿ ಸ್ಪಷ್ಟ ಇದೆ. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಪ್ರಕಾರ ಹೆಸರು ಎರಡು ಕ್ಷೇತ್ರದಲ್ಲಿ ಇರುವಂತಿಲ್ಲ. ಊರಲ್ಲಿ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ನೀವು ಅಲ್ಲಿಯ ವಾಸಿ ಆಗೋದಿಲ್ಲ. ಸುಳ್ಳು ಹೇಳಿಕೆ ಬರೆದುಕೊಟ್ಟರೆ ಒಂದು ವರ್ಷದ ತನಕ ಜೈಲು ಶಿಕ್ಷೆ ಆಗಬಹುದು. ಹಾಸ್ಟೆಲಿನಲ್ಲಿ ಇರುವ ವಿದ್ಯಾರ್ಥಿಗಳು ಮಾತ್ರ ಊರು ಅಥವಾ ಓದುವ ಜಾಗ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಕೆಲಸಕ್ಕೆ ಹೋಗಿ ನಾಲ್ಕು ವರ್ಷ ಅಲ್ಲೇ ಬಾಡಿಗೆ ಕಟ್ಟುತ್ತಿರುವವರಿಗೆ ಇದು ಅನ್ವಯ ಆಗೋದಿಲ್ಲ, ಬ್ರದರ್. ನೀವು ಯಾರು ಅಂತ ನನಗೆ ಗೊತ್ತದ, ತಲಿ ತಗ್ಗಿಸಬೇಡ್ರಿ.

ನನ್ನ ತೀರ್ಮಾನ ಕೇಳಿದರೆ, ನೀವು ಎಲ್ಲಿ ಮಲಗ್ತೀರೋ, ಎಲ್ಲಿಯ ನೀರು ಕುಡಿದು ಎಲ್ಲಿಯ ಮೋರಿಗೆ ಬಿಡ್ತೀರೋ, ನಿಮ್ಮ ಮತ ಅಲ್ಲಿ ಇರಬೇಕು. ಅಲ್ಲಿ ನಿಮ್ಮ ನೆರೆಯವರು ಇದ್ದಾರೆ. ನೆರೆಯವನನ್ನು ನೀವು ಆರಿಸಿಕೊಂಡಿಲ್ಲ, ಅವನ ಭಾಷೆ ಬೇರೆ ಇರಬಹುದು, ಅವನ ಹೆಸರೂ ನಿಮಗೆ ಗೊತ್ತಿರಲಿಕ್ಕಿಲ್ಲ. ಯೆರೂಸಲೇಮಿನ ಗೋಡೆ ಕಟ್ಟುವಾಗ ನೆಹೆಮೀಯನ ಮೂರನೇ ಅಧ್ಯಾಯದಲ್ಲಿ ಎಷ್ಟೋ ಜನ ತಂತಮ್ಮ ಮನೆಯ ಎದುರಿನ ತುಂಡನ್ನೇ ರಿಪೇರಿ ಮಾಡಿದರು. ಅಲ್ಲಿ ಇನ್ನೊಂದು ಸಾಲು ಇದೆ, ಒಬ್ಬನು ತನ್ನ ಕೋಣೆಯ ಎದುರಿನ ಗೋಡೆ ಕಟ್ಟಿದ ಅಂತ. ಮನೆ ಅಲ್ಲ, ಬರೀ ಕೋಣೆ. ಅವನು ಬಾಡಿಗೆಗೆ ಇದ್ದನೋ ಏನೋ, ಪಿಜಿಯವರು ಆ ಸಾಲನ್ನು ಗುರುತು ಹಾಕಿಕೊಳ್ಳಿ.

ಯಾರಿಗೆ ಹಾಕಬೇಕು ಅಂತ ನನ್ನನ್ನು ಕೇಳಬೇಡಿ. ಈ ವೇದಿಕೆಯಿಂದ ಒಂದು ಪಕ್ಷದ ಹೆಸರೂ ಬರೋದಿಲ್ಲ, ಯಾರಾದರೂ ಕ್ಯಾಂಡಿಡೇಟ್ ಪ್ರಾರ್ಥನೆ ಮಾಡಿಸಿಕೊಳ್ಳಲಿಕ್ಕೆ ಬಂದರೆ ಎಲ್ಲರಿಗೂ ಮಾಡುವ ಪ್ರಾರ್ಥನೆಯನ್ನೇ ಮಾಡುತ್ತೇವೆ, ಫೋಟೋ ತೆಗೆಯಲಿಕ್ಕೆ ಬಿಡೋದಿಲ್ಲ.

ಕೂಟ ಮುಗಿದ ಮೇಲೆ ಯೂತ್ ಟೀಮಿನವರು ಹಿಂದಿನ ಬಾಗಿಲ ಹತ್ತಿರ ಕೂತಿರುತ್ತಾರೆ. ವೋಟರ್ ಕಾರ್ಡ್ ಇದ್ದವರು ತೋರಿಸಿ, ಹೆಸರು ಎಲ್ಲಿದೆ ಅಂತ ಫೋನಿನಲ್ಲೇ ನೋಡಿಕೊಡುತ್ತಾರೆ. ವಿಳಾಸ ಬದಲಿಸಲಿಕ್ಕೆ ಫಾರ್ಮ್ 8. ಬಾಡಿಗೆ ಕರಾರು ಪತ್ರ ನಿಮ್ಮ ಹತ್ತಿರ ಇಲ್ಲದಿದ್ದರೆ ಮನೆ ಮಾಲೀಕರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಮತ್ತೆ, ಇದನ್ನು ಮಾಡುವ ಮುಂಚೆ ಮನೆಯಲ್ಲಿ ಅಪ್ಪನ ಹತ್ತಿರ ಕೂತು ಮಾತಾಡ್ರಿ. ಪಟ್ಟಿಯಲ್ಲಿ ಹೆಸರು ಕಾಣದೆ ಹೋದಾಗ ಅವರಿಗೆ ಅದು ಬೂತಿನಲ್ಲಿ ಗೊತ್ತಾಗಬಾರದು.

ಪ್ರಾರ್ಥನೆಗೆ ಎದ್ದು ನಿಲ್ಲೋಣ.